ಸದ್ದಿಲ್ಲದ ನಗು

ಲಾಸ್ ಆಲ್ಟೋಸ್
14 ಸೆಪ್ಟೆಂಬರ್ 2025

ಪ್ರೀತಿಯ ಸಂಯುಕ್ತಾ,

ಹೇಗಿದ್ದೀ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೈಯಬೇಡ. ಮೊಮ್ಮಗಳು ಲಾಸ್ಯಾ ಡೇಕೇರಿನಿಂದ ನೆಗಡಿ ತಂದು ಮನೆಮಂದಿಗೆಲ್ಲ ಹಂಚಿದಳು. ಈಗ ಎಲ್ಲರೂ ಗೆಲುವಾಗಿದ್ದೇವೆ.

ನಿನ್ನೆ ಪಕ್ಕದ ಮನೆಯ ಜೂಡಿತಳಿಗೆ ಎಂಬತ್ತೇಳು ತುಂಬಿತು. ಗೋಳಿಬಜೆ ಕರಿದುಕೊಂಡು ಹೋಗಿದ್ದೆವು. ಹಾಲೆಂಡಿನಲ್ಲಿ ಹುಟ್ಟಿದ ಯಹೂದಿ ಹೆಂಗಸು ಅವಳು. ಪರಿಚಯವಾದ ಹೊಸತರಲ್ಲಿ ನಾನು ಏನು ತಮಾಷೆ ಮಾಡಿದರೂ ಬಾಯಿ ತೆರೆದು ಭುಜ ಕುಣಿಸುತ್ತಿದ್ದಳೇ ಹೊರತು ಸದ್ದೇ ಇಲ್ಲ. ಉಸಿರು ಸಿಕ್ಕಿಕೊಂಡಿತೆಂದು ಹೆದರಿ ಒಮ್ಮೆ ಬೆನ್ನಿಗೆ ಗುದ್ದಿಯೂ ಬಿಟ್ಟಿದ್ದೆ! ಅವಳು ನಗುವುದೇ ಹಾಗಂತೆ. ಯಾಕೆಂದು ನಿನ್ನೆ ಹೇಳಿದಳು.

ಅವಳಿಗೆ ಐದು ವರ್ಷವಿದ್ದಾಗ ನಾಜಿ ಸೈನಿಕರು ಯಹೂದಿಗಳನ್ನು ಮನೆಮನೆಯಿಂದ ಹಿಡಿದೊಯ್ಯುತ್ತಿದ್ದರು. ಹೋದವರು ಮರಳುತ್ತಿರಲಿಲ್ಲ. ಹೆಂಡ್ರಿಕಾ ಎಂಬ ವಿಧವೆ ತನ್ನ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಕೋಣೆಗೆ ಹಲಗೆಯ ಅಡ್ಡಗೋಡೆ ಹಾಕಿಸಿ, ಅದರ ಹಿಂದೆ ಜೂಡಿತಳನ್ನೂ ಅಪ್ಪ ಅಮ್ಮನನ್ನೂ ಬಚ್ಚಿಟ್ಟಳು. ಕೆಮ್ಮುವಂತಿಲ್ಲ, ಅಳುವಂತಿಲ್ಲ. ಅಪ್ಪ ದಿನವೂ ಕೋತಿಚೇಷ್ಟೆ ಮಾಡಿ, ಸದ್ದಿಲ್ಲದೆ ನಗುವುದನ್ನು ಕಲಿಸಿದನಂತೆ.

ಒಂದು ಬೆಳಿಗ್ಗೆ ಸೈನಿಕರು ಒಳನುಗ್ಗಿದರು. ಹೆಂಡ್ರಿಕಾ ಒದ್ದೆ ಹೊದಿಕೆಗಳ ರಾಶಿಯನ್ನು ಅವರ ಕಾಲ ಮುಂದೆ ಸುರಿದಳು. “ನಿಮ್ಮ ಕರ್ನಲ್ ಸಾಹೇಬ್ರ ಹಾಸಿಗೆ ಬಟ್ಟೆ. ಕೆಸರು ಬೂಟಲ್ಲಿ ತುಳ್ಕೊಂಡು ಹೋಗಿ. ಅವರು ಕೇಳಿದ್ರೆ ನಿಮ್ಮ ಹೆಸ್ರೇ ಹೇಳ್ತೀನಿ!”

ಅವರು ಮುಖ ಮುಖ ನೋಡಿಕೊಂಡು ಹೊರಟೇಹೋದರು. ಹಲಗೆಯ ಹಿಂದೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ, ಉಸಿರೂ ಕೇಳದ ಹಾಗೆ. ಯುದ್ಧ ಮುಗಿಯುವ ತನಕ ಅಲ್ಲೇ ಬದುಕಿದರು.

“ಪ್ರಫುಲ್ಲಾ, ಮೊದ್ಲು ಇನ್ನೊಂದು ಬಜೆ ಕೊಡು, ಆಮೇಲೆ ಅಳು,” ಎಂದಳು ಜೂಡಿತ್, ನನ್ನ ಮುಖ ನೋಡಿ. ಲಾಸ್ಯಾ ಅವಳ ಮಡಿಲೇರಿ “ಟೀಚ್ ಮಿ!” ಎಂದು ಹಟ ಹಿಡಿದಳು. ಇಬ್ಬರೂ ಸ್ಪರ್ಧೆಗೇ ಇಳಿದರು. ನಮ್ಮವಳು ಕಿಲಕಿಲ ಎಂದು ತಕ್ಷಣ ಸೋತಳು. ನನ್ನ ಮಗಳು ನೀತಾ ಮೀಟಿಂಗು ಮರೆತು ಅಲ್ಲೇ ಕುಳಿತಿದ್ದಳು.

ನಿನ್ನ ಮಂಡಿನೋವು ಬೇಗ ಇಳಿಯಲಿ. ಮಕ್ಕಳಿಗೆಲ್ಲ ನನ್ನ ಆಶೀರ್ವಾದ, ನಿನಗೆ ಒಂದು ಗಟ್ಟಿ ಅಪ್ಪುಗೆ.

ನಿನ್ನ
ಪ್ರಫುಲ್ಲಾ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಜೂಡಿತಳಿಗೆ ಒಬ್ಬ ತಮ್ಮನಿದ್ದ, ಎಳೆಕೂಸು. ಅಳಬೇಡವೆಂದು ಅದಕ್ಕೆ ಕಲಿಸುವುದು ಹೇಗೆ? ಅಡಗುವ ಮೊದಲೇ ಅಮ್ಮ ಅವನನ್ನು ದೂರದ ಹಳ್ಳಿಯಲ್ಲಿ ಮಕ್ಕಳಿಲ್ಲದ ದಂಪತಿಗೆ ಒಪ್ಪಿಸಿದ್ದಳು. ಯುದ್ಧ ಮುಗಿದು ಕರೆತರಲು ಹೋದಾಗ ಅವನು ಆ ಹೆಂಗಸಿನ ಲಂಗ ಹಿಡಿದು ಕಿರುಚಿದನಂತೆ. ಮನೆಗೇನೋ ಬಂದ, ಬೆಳೆದ, ಒಳ್ಳೆಯವನೇ. ಹೆತ್ತವಳನ್ನು ಮಾತ್ರ ಕೊನೆತನಕ ‘ಆಂಟಿ’ ಎಂದೇ ಕರೆದ. ಅವಳು ಪ್ರತಿ ಸಲವೂ “ಏನು ಮಗನೇ?” ಎಂದು ಓಗೊಡುತ್ತಿದ್ದಳಂತೆ.