ಗಾಜಿನ ಕೋಣೆಯ ಅಳತೆ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಪುಟ್ಟಿಗೆ,

ನೀನು ಮೂರು ಪತ್ರ ಬರೆದರೂ ಅಣ್ಣ ಒಂದಕ್ಕೂ ಉತ್ತರ ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀಯೆ. ತಪ್ಪು ನನ್ನದೇ. ಮೂರು ಸಲವೂ ಕೂತೆ. ‘ನಿನ್ನ ಅತ್ತಿಗೆ’ ಎಂದು ಬರೆಯುವಷ್ಟರಲ್ಲಿ ಕೈ ನಿಂತುಬಿಡುತ್ತಿತ್ತು. ಅವಳು ಹೋಗಿ ನಾಳೆಗೆ ನಾಲ್ಕು ತಿಂಗಳು.

ರಕ್ತ ಪರೀಕ್ಷೆಯಲ್ಲಿ ನಿನಗೂ ಡಿ ವಿಟಮಿನ್ ಕಡಿಮೆ ಬಂದಿದೆ, ಮೂಳೆ ಸವೆದಿದೆ ಎಂದಿದ್ದೀಯೆ. ಬಿಸಿಲಿಗೆ ಕೂರಲೆಂದು ಅತ್ತಿಗೆಗೆ ಮಾಡಿಕೊಟ್ಟಂಥದೇ ಗಾಜಿನ ಕೋಣೆ ನಿನ್ನ ಬಾಲ್ಕನಿಗೂ ಬೇಕು, ಅಳತೆ ಕಳಿಸು ಎಂದಿದ್ದೀಯೆ. ಕಳಿಸುವುದಿಲ್ಲ ಪುಟ್ಟಿ. ನಲವತ್ತು ವರ್ಷ ಗಾಜು ಕತ್ತರಿಸಿದ ನನಗೇ ಗೊತ್ತಿರಲಿಲ್ಲ. ಮುಚ್ಚಿದ ಗಾಜಿನೊಳಗೆ ಬೆಳಕು ಬರುತ್ತದೆ, ಕಾವು ಬರುತ್ತದೆ, ಮೂಳೆಗೆ ಬೇಕಾದ ಕಿರಣ ಮಾತ್ರ ಆಚೆಯೇ ಉಳಿಯುತ್ತದಂತೆ. ಅವಳ ಆಪರೇಷನ್ ಆದ ಮೇಲೆ ಮೂಳೆ ಡಾಕ್ಟರು ಹೇಳಿದಾಗ ಪೆಚ್ಚಾದೆ. ಎರಡು ಚಳಿಗಾಲ ಅವಳನ್ನು ಅಲ್ಲಿ ಕೂರಿಸಿ, ಬಂದವರಿಗೆಲ್ಲ ತೋರಿಸಿ ಬೀಗಿದ್ದೆನಲ್ಲ! ಹೋಗಿ ಅವಳಿಗೆ ಹೇಳಿದರೆ, “ಹೌದೇನ್ರೀ? ನಿಮ್ಮ ಗಾಜಿನ ವಿಷಯ ಆ ಡಾಕ್ಟರಿಗೇನು ಗೊತ್ತು, ಬಿಡಿ” ಎಂದಳು.

ಅವಳು ಮೆಟ್ಟಿಲ ಮೇಲೆ ಬಿದ್ದಾಗ ನಾನು ಅಂಗಡಿಯಲ್ಲಿದ್ದೆ. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಓಡಿದವನು ಮೊದಲು ಬೈದೆ.

“ಮನೇಲೇ ಬಿಸಿಲು ತಂದು ಕೊಟ್ಟಿದೀನಿ, ಎರಡು ಮಹಡಿ ಇಳಿದು ಯಾಕೆ ಹೋದೆ?”

“ಕೆಳಗಿನ ಮನೆಯವಳ ಹತ್ರ ಹರಟೆ ಹೊಡೆಯೋಕೆ ಕಣ್ರೀ. ನಿಮ್ಮ ಗಾಜಿಗೆ ಕಿವಿ ಇಲ್ವಲ್ಲ.”

ಅಷ್ಟು ನೋವಿನಲ್ಲೂ ಆ ಮಾತು ನೋಡು!

ಆಪರೇಷನ್ ಆದ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಹಾಸಿಗೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಮೊದಲ ದಿನ ಎರಡಕ್ಕೇ ಬೆವರಿಳಿಯಿತು, ಹಲ್ಲು ಕಚ್ಚಿ ಮೂರನೆಯದನ್ನೂ ಇಟ್ಟಳು. ಪಕ್ಕದ ಹಾಸಿಗೆಯ ಮುದುಕಿ ತನ್ನಿಂದಾಗದು ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದರು. ಇವಳು ಬಿಡಬೇಕಲ್ಲ! “ಏಳಿ ಅಕ್ಕ, ರೇಸ್ ಕಟ್ಟೋಣ. ಸೋತವರು ಇಬ್ಬರ ಪಾಲಿನ ಆಸ್ಪತ್ರೆ ಊಟಾನೂ ತಿನ್ನಬೇಕು.” ಆ ಮುದುಕಿ ನಗುತ್ತಾ ಎದ್ದರು. ವಾರದೊಳಗೆ ಇಬ್ಬರೂ ಬಾಗಿಲು ಮುಟ್ಟಿದರು. ಇಷ್ಟು ವರ್ಷ ಜೊತೆಗಿದ್ದೂ ಅವಳ ಗಟ್ಟಿತನವನ್ನು ನಾನು ಸರಿಯಾಗಿ ನೋಡಿದ್ದು ಆ ಒಂಬತ್ತು ಹೆಜ್ಜೆಯಲ್ಲಿ.

ಮನೆಗೆ ಬಂದು ಎರಡು ತಿಂಗಳಿಗೆ ಕೋಲು ಹಿಡಿದು ಓಡಾಡುತ್ತಿದ್ದಳು. ಆಮೇಲೆ ನ್ಯುಮೋನಿಯಾ. ನಾಲ್ಕೇ ದಿನ.

ನೀನು ಹುಷಾರು. ಮೆಟ್ಟಿಲ ಕಂಬಿ ಹಿಡಿದು, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೊರಗೆ ಬಿಸಿಲಿಗೆ ಹೋಗು. ಮಾತ್ರೆ ವಾರಕ್ಕೊಂದು ಎಂದರೆ ವಾರಕ್ಕೊಂದೇ. ಬೇಗ ಗುಣವಾಗಲಿ ಎಂದು ದಿನಾ ನುಂಗಿಬಿಟ್ಟೀಯೆ, ನಿನ್ನ ಆತುರ ನನಗೆ ಗೊತ್ತಿಲ್ಲವೇ?

ನಾಲಿಗೆಯಂತೂ ಗಟ್ಟಿಯಾಗಿಯೇ ಇದೆ, ದೇವರು ನಿನ್ನ ಮೂಳೆಗೂ ಅಷ್ಟೇ ಬಲ ಕೊಡಲಿ.

ನಿನ್ನ
ಅಣ್ಣ

ಮತ್ತೆ: ಇದು ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಹೆಂಗಸು ಕಳೆದ ವಾರ ವಾಕರ್ ಒಯ್ಯಲು ಬಂದಿದ್ದರು. ಅವರಿಂದಲೇ ತಿಳಿಯಿತು. ಬೀಳುವ ಒಂದು ವರ್ಷ ಮೊದಲೇ, ಮೊಣಕಾಲು ತೋರಿಸಲು ಅವರ ಬಳಿ ಹೋದಾಗ, ಅವಳಿಗೆ ಗಾಜಿನ ವಿಷಯ ಗೊತ್ತಾಗಿತ್ತಂತೆ. “ನಮ್ಮನೆಯವರಿಗೆ ಹೇಳಬೇಡಿಮ್ಮ. ಒಂದೊಂದು ಗಾಜನ್ನೂ ಕೈಯಾರೆ ಕೂರಿಸಿದ್ದಾರೆ, ಪಾಪ” ಎಂದಿದ್ದಳಂತೆ. ನಾನು ಅಂಗಡಿಗೆ ಹೊರಟ ಮೇಲೆ ದಿನಾ ಒಬ್ಬಳೇ ಕೆಳಗಿಳಿದು, ಬಿಸಿಲಿಗೆ ನಿಂತು, ಮತ್ತೆ ಎರಡು ಮಹಡಿ ಹತ್ತಿ ಬಂದು, ನಾನು ಊಟಕ್ಕೆ ಬರುವ ಹೊತ್ತಿಗೆ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದಳು ಪುಟ್ಟಿ.

“ಇವತ್ತು ಬಿಸಿಲು ಹೇಗಿತ್ತು?” ಎಂದು ನಾನು ಕೇಳುತ್ತಿದ್ದೆ.

“ತುಂಬಾ ಚೆನ್ನಾಗಿತ್ತು ಕಣ್ರೀ” ಎನ್ನುತ್ತಿದ್ದಳು.