ಕದಲಿಸದ ಪೂಜೆ

ಸವದತ್ತಿ
ಶನಿವಾರ, ೧೮ ಅಕ್ಟೋಬರ್ ೨೦೦೮

ಪ್ರೀತಿಯ ಅವ್ವಾ,

ಸಂಜೆ ನಾಲ್ಕಾಗಿದೆ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಾರೆ. ಇವತ್ತು ಬೆಳಗಿನಿಂದ ಮನೆಯಲ್ಲಿ ಒಂದಿಷ್ಟು ನಡೆಯಿತು, ಅದನ್ನೇ ಬರೆಯಲು ಅಡಿಗೆಮನೆ ಹೊಸ್ತಿಲಲ್ಲಿ ಕೂತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಲಕ್ಕಿ ಸೊಪ್ಪು ಕಾಸಿ ಕಟ್ಟುತ್ತೀಯೋ, ಇಲ್ಲ ತಂಗಿ ಉಮಾಶ್ರೀ ಬೈಯುವ ತನಕ ಸುಮ್ಮನೆ ಇರುತ್ತೀಯೋ? ಸಣ್ಣಾಕಿ ಅಂತ ಅವಳ ಮಾತು ತಳ್ಳಿಹಾಕಬೇಡ. ಅರಿವೆ ತೊಳೆಯಲು ಹೊಳೆಗೆ ಇಳಿಯಬೇಡ. ನಾನು ಆರಾಮ ಇದ್ದೇನೆ. ಇಲ್ಲಿ ಯಾರೂ ನನಗೆ ಕೆಟ್ಟ ಮಾತು ಅಂದಿಲ್ಲ, ಅದನ್ನು ಮೊದಲು ತಿಳಿದುಕೋ. ಈ ಪತ್ರವನ್ನು ಚಚಡಿಯ ಫೋಟೋಗ್ರಾಫರ್ ಬಸಯ್ಯನ ಕೈಯಲ್ಲಿ ಕೊಡುತ್ತೇನೆ. ಅವನು ಇವತ್ತೇ ರಾಮದುರ್ಗಕ್ಕೆ ಬರುವವನಿದ್ದಾನೆ.

ತವರಿಗೆ ಬಂದುಬಿಡು, ಇಲ್ಲೇ ಒಂದು ಮೇಜು ಹಾಕಿಕೊಂಡು ಅದೇ ಲ್ಯಾಪ್‌ಟಾಪ್ ರಿಪೇರಿ ಮಾಡು ಎಂದು ನೀನು ಹೇಳಿ ಕಳಿಸುತ್ತಲೇ ಇದ್ದೀ. ನನಗೂ ಅದೇ ಮನಸ್ಸು. ಆದರೆ ಬರಿಗೈಲಿ ಬಂದು ಏನು ಮಾಡಲಿ? ನಿನ್ನ ಅಳಿಯ ಹುಬ್ಬಳ್ಳಿಯಿಂದ ಯಾರೋ ಬಿಟ್ಟ ಹಳೆಯ ಲ್ಯಾಪ್‌ಟಾಪ್ ತಂದು, ಎರಡು ಬಿಚ್ಚಿ ಒಂದು ಮಾಡಿ ಮಾರುತ್ತಿದ್ದರಲ್ಲ, ಆಗ ಪಕ್ಕದಲ್ಲಿ ಕೂತು ಸ್ಕ್ರೂ ಹಿಡಿದು ಕೊಡುತ್ತ ಕಲಿತವಳು ನಾನು. ಚಾಲೂ ಆಗದ್ದನ್ನು ಅವರು ಸತ್ತಿದೆ ಅಂದವರಲ್ಲ. "ಮುನಿಸ್ಯಾವ ರೇಣು, ಸ್ವಲ್ಪ ರಮಿಸಬೇಕು" ಅನ್ನುತ್ತಿದ್ದರು. ಯುಗಾದಿಯ ಮುಂದೆ ಕಾಮಾಲೆಯಾಗಿ ಅವರು ಹೋದ ಮೇಲೆ ಮುಂದಿನ ಕೋಣೆಯ ಅಂಗಡಿಯನ್ನು ನಾನೇ ನಡೆಸಿದೆ. ಸಣ್ಣ ಸ್ಕ್ರೂಡ್ರೈವರು, ಚಿಮಟಿಗೆ, ಬ್ರಶ್ಶು, ಎಲ್ಲ ಅವರ ತಗಡಿನ ಪೆಟ್ಟಿಗೆಯಲ್ಲಿವೆ. ಆ ಪೆಟ್ಟಿಗೆ ಇಲ್ಲದೆ ನಾನು ಏನೂ ಅಲ್ಲ ಎಂದು ನನಗೆ ಅನಿಸಿಬಿಟ್ಟಿದೆ.

ದಸರೆಯ ಖಂಡೆ ಪೂಜೆಯ ದಿನ ಅತ್ತೆ ಆ ಪೆಟ್ಟಿಗೆಯನ್ನು ದೇವರ ಜಗಲಿಯ ಮೇಲೆ ಇಟ್ಟರು. ರಿಪೇರಿಗೆ ಬಂದ ಲ್ಯಾಪ್‌ಟಾಪುಗಳನ್ನೂ ಬಾಯಿ ತೆರೆದು ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ನೀರು ಚಿಮುಕಿಸಿ, ಗುಡ್ಡದಿಂದ ತಂದ ಎಲ್ಲಮ್ಮನ ಭಂಡಾರವನ್ನು ಕೈತುಂಬ ತೂರಿದರು. ಕೀಲಿಗಳ ಸಂದಿಯೆಲ್ಲ ಅರಿಷಿಣ. ಒಂದೊಂದಕ್ಕೂ ಮಗನ ಹೆಸರು ಹೇಳಿ ಕೈಮುಗಿಯುವವರಿಗೆ ಬೇಡ ಅನ್ನುವುದು ಹೇಗೆ? ಮರುದಿನ ಪೂಜೆ ಕದಲಿಸಿ ಸಾಮಾನು ಕೆಲಸಕ್ಕೆ ತೆಗೆದುಕೊಳ್ಳುವುದು ರೂಢಿ ತಾನೇ? ನಮ್ಮ ಓಣಿಯ ಕಮ್ಮಾರನೂ ಕದಲಿಸಿದ, ಟೇಲರನೂ ಕದಲಿಸಿದ. ಅತ್ತೆ ಕದಲಿಸಲಿಲ್ಲ. ಪೂಜೆ ಕದಲುವ ತನಕ ಸಾಮಾನು ಮುಟ್ಟುವ ಹಾಗಿಲ್ಲ. ಕೇಳಿದರೆ "ನನ್ನ ಮಗ ಬಾಳು ಈಗಷ್ಟ ಕೆಲಸಕ್ಕ ಕುಂತಂಗ ಕಾಣತೈತಿ, ಎಬ್ಬಿಸಬ್ಯಾಡವಾ" ಅಂದರು. ಮೈದುನ ಶ್ರೀಶೈಲ ಹೇಳಿ ನೋಡಿದ, ಅವನ ಹೆಂಡತಿಯೂ ಹೇಳಿದಳು. ಅತ್ತೆ ಕೇಳಲಿಲ್ಲ. ನಾನು ದಿನಾ ಅಂಗಡಿಯ ಬಾಗಿಲು ತೆರೆಯುತ್ತೇನೆ, ಖಾಲಿ ಮೇಜಿನ ಮುಂದೆ ಕೂರುತ್ತೇನೆ, ಬಾಗಿಲು ಹಾಕುತ್ತೇನೆ. ಅವ್ವಾ, ಆ ಪೆಟ್ಟಿಗೆಯ ಜೊತೆ ನನ್ನನ್ನೂ ಜಗಲಿಯ ಮೇಲೆ ಇಟ್ಟಿದ್ದಾರೆ ಅನಿಸುತ್ತದೆ. ವಿಭೂತಿ ಹಚ್ಚಿದ್ದಾರೆ, ಅದಕ್ಕೆ ಬೈಯಲೂ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಬಸಯ್ಯ ಮತ್ತೆ ಬಂದ. ರಾಮದುರ್ಗದ ಒಬ್ಬರ ಮನೆಯ ಬಸುರಿಯ ಕುಬಸದ ಫೋಟೋಗಳು ಅವನು ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪಿನಲ್ಲೇ ಸಿಕ್ಕಿಬಿದ್ದಿವೆ. "ಯಕ್ಕಾ, ಕೂಸು ಹುಟ್ಟಿ ಸಾಲಿಗೆ ಹೊಂಟತಿ, ಕುಬಸದ ಫೋಟೋ ಇನ್ನೂ ದೇವರ ಮುಂದ ಕುಂತಾವು" ಎಂದು ಹೊರಗಿನಿಂದಲೇ ಶುರು ಮಾಡಿದ. ಅತ್ತೆ ಅಡ್ಡ ನಿಂತರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಜಗಲಿಗೆ ಕೈಮುಗಿದು, "ನನ್ನ ಸಾಮಾನ ನಾ ಎತ್ತಿಕೊಂಡ್ರ ನಿಮ್ಮ ಎಲ್ಲವ್ವ ಸಿಟ್ಟಾಗೂದಿಲ್ಲ ಬಿಡ್ರಿ ಆಯಿ" ಎಂದು ತನ್ನದನ್ನು ಎತ್ತಿಕೊಂಡೇಬಿಟ್ಟ. ಭಂಡಾರ ಅವನ ಅಂಗಿಯ ಮೇಲೆ ಸುರಿಯಿತು. ಧಾರವಾಡಕ್ಕೆ ಒಯ್ಯುತ್ತೇನೆ ಎಂದು ಹೊರಟವನನ್ನು ನಾನು ನಿಲ್ಲಿಸಿದೆ. "ಕೊಡ್ರಿ ಇಲ್ಲೆ" ಅಂದ ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲಿನ ಮೇಲೆ ದಟ್ಟಿ ಹಾಸಿ ಅದನ್ನು ಬೋರಲು ಮಲಗಿಸಿದೆ. ಬ್ಯಾಟರಿ ತೆಗೆದು, ಉಳಿದ ಕರೆಂಟು ಹೋಗಲಿ ಎಂದು ಬಟನ್ ಒತ್ತಿ ಹಿಡಿದೆ. ಹಿಂದಿನ ಸಣ್ಣ ಮುಚ್ಚಳದ ಸ್ಕ್ರೂಗಳನ್ನು ನೇಲ್ ಕಟರಿನ ತುದಿಯಿಂದ ತಿರುಗಿಸಿದೆ. ಒಳಗಿನ ಮೆಮೊರಿ ಪಟ್ಟಿ ಕಿತ್ತು, ಅದರ ಹಳದಿ ಹಲ್ಲುಗಳನ್ನು ಶ್ರೀಶೈಲನ ಮಗಳ ರಬ್ಬರಿನಿಂದ ಮೆಲ್ಲಗೆ ತಿಕ್ಕಿದೆ. ಸೈಕಲ್ ಪಂಪಿನಿಂದ ಫ್ಯಾನಿಗೆ ಗಾಳಿ ಹೊಡೆದರೆ ಒಲೆಯ ಮೇಲೆಲ್ಲ ಭಂಡಾರ. ಮತ್ತೆ ಕೂಡಿಸಿ ಬಟನ್ ಒತ್ತಿದರೆ ಕಪ್ಪು ಪರದೆ. ಪಟ್ಟಿಯನ್ನು ಪಕ್ಕದ ಖಾನೆಗೆ ಬದಲಿಸಿದೆ. ಫ್ಯಾನು ಗುಂಯ್ ಅಂದಿತು, ಪರದೆ ಬೆಳಗಿತು, ಆ ಚಾಲೂ ಆಗುವ ರಾಗ ಬಂತು.

ಅತ್ತೆ ಓಡಿ ಬಂದರು. ಅಂಗಡಿಯಿಂದ ಆ ರಾಗ ಕೇಳಿದರೆ ಮಗ ಊಟಕ್ಕೆ ಎದ್ದ ಎಂದೇ ಅವರಿಗೆ ಲೆಕ್ಕ. ಬಾಗಿಲಲ್ಲಿ ನನ್ನನ್ನು ನೋಡಿ ನಿಂತರು. ಮುಖ ನೋಡಲು ಆಗಲಿಲ್ಲ ಅವ್ವಾ. ಆಮೇಲೆ ಪಕ್ಕದಲ್ಲಿ ಕೂತು, ಕೀಲಿಗಳ ಮೇಲಿನ ಅರಿಷಿಣವನ್ನು ಸೆರಗಿನಿಂದ ಒರೆಸಿದರು. "ನಾಳೆ ಪೂಜಿ ಕದಲಿಸತೇನಿ. ಆದ್ರ ಪೆಟಿಗಿ ಈ ಹೊಸ್ತಿಲಾ ದಾಟಂಗಿಲ್ಲ. ಅದು ಎಲ್ಲೆ ಇರತೈತಿ, ನೀನೂ ಅಲ್ಲೆ" ಅಂದರು. ಜುಲುಮೆಯ ಮಾತಲ್ಲ, ಬೇಡಿಕೊಂಡ ಹಾಗೆ ಇತ್ತು. ಅದಕ್ಕೇ ಆ ಮಾತು ನನ್ನನ್ನು ಹೆಚ್ಚು ಕಟ್ಟಿಹಾಕಿತು. ಹೂಂ ಅಂದೆ. ಹೀಗಾಗಿ ನಾನು ಬರುವ ಮಾತು ಸದ್ಯಕ್ಕೆ ಬಿಡು. ನನ್ನ ದಾರಿ ನೋಡಬೇಡ.

ಉಮಾಶ್ರೀಗೆ ನನ್ನ ಮುದ್ದು ಹೇಳು. ಓಣಿಯ ಹಿರಿಯರಿಗೆಲ್ಲ ಶರಣು. ನಿನ್ನ ಕಾಲಿಗೆ ತಲೆಯಿಟ್ಟು,

ನಿನ್ನ ಮಗಳು,
ರೇಣು

ತಾ.ಕ.: ಬಸಯ್ಯ ಬೈಕ್ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪತ್ರ ಮಡಚುವಾಗ ಮಡಿಲಿನಿಂದ ನೇಲ್ ಕಟರು ಬಿತ್ತು. ಇವತ್ತಿನ ಕೆಲಸ ಆದದ್ದು ಇದರಿಂದ. ಪೆಟ್ಟಿಗೆ ಆಗಲೂ ಜಗಲಿಯ ಮೇಲೆಯೇ ಇತ್ತು. ಎದ್ದು ಹೋಗಿ ಅತ್ತೆಗೆ ಹೇಳಿದೆ: ಪೂಜಿ ಕದಲಿಸಬ್ಯಾಡ್ರಿ, ಪೆಟಿಗಿ ನಿಮ್ಮ ಹತ್ರನ ಇರಲಿ, ನಾ ಅವ್ವನ ಮನಿಗೆ ಹೋಗತೇನಿ. ಅವರು ಮೊರ ಕೆಳಗಿಟ್ಟು, ಬುತ್ತಿಗೆ ಎಷ್ಟು ರೊಟ್ಟಿ ಕಟ್ಟಲಿ ಎಂದು ಕೇಳಿದರು. ಉಳಿದ ಲ್ಯಾಪ್‌ಟಾಪುಗಳನ್ನು ಶ್ರೀಶೈಲ, ಬಸಯ್ಯನ ಹಾಗೆ ಕೈಮುಗಿದು ಎತ್ತಿ, ಅವರವರಿಗೆ ಮುಟ್ಟಿಸುತ್ತಾನೆ. ಅಲ್ಲಿ ನಮ್ಮ ಪಡಸಾಲೆಯ ಬೆಳಕು ಬೀಳುವ ಕಡೆ ಒಂದು ಮೇಜು ಇಡಿಸು. ನಾಳೆ ರವಿವಾರ, ರಾಮದುರ್ಗದ ಮೊದಲ ಬಸ್ಸು ಏಳಕ್ಕೆ ಬಿಡುತ್ತದೆ.