ತೀರಿಕೊಂಡವರೇ ಬಂದು ಲಾಗಿನ್ ಆಗಬೇಕೆಂದ ಕಚೇರಿಗೆ

ಏಕ ಲಾಗಿನ್ ವ್ಯವಸ್ಥೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ನನ್ನ ಮಾವನ ಧ್ವನಿಯನ್ನು ಅಳಿಸಿಹಾಕಿದೆ. ಬೇಕೆಂದು ಮಾಡಿದ್ದಲ್ಲ ಎಂದು ಬಲ್ಲೆ. ಬೇಕೆಂದು ಮಾಡಿದ್ದರೆ ಯಾರಾದರೊಬ್ಬರು ಅವರ ಬಗ್ಗೆ ಒಂದು ಕ್ಷಣ ಯೋಚಿಸಿರುತ್ತಿದ್ದರು. ಆ ಗೌರವವೂ ಅವರಿಗೆ ದಕ್ಕಲಿಲ್ಲ.

ಮಾವ ಕುಪ್ಪುಸ್ವಾಮಿ ಚಿನ್ನದ ಗಣಿ ಮುಚ್ಚುವ ತನಕ ನೆಲದಾಳದಲ್ಲಿ ದುಡಿದವರು. ಮನೆಯಲ್ಲಿ ಮಾತೇ ಇಲ್ಲ. ಅತ್ತೆ ಆದಿಲಕ್ಷ್ಮಮ್ಮ "ಸಾರು ಎಂಗೈತೆ?" ಎಂದು ಕೇಳಿದರೆ ತಟ್ಟೆಯನ್ನು ಇನ್ನೊಮ್ಮೆ ಮುಂದೆ ಚಾಚುತ್ತಿದ್ದರು, ಅದೇ ಉತ್ತರ. ಇಂಥ ಮನುಷ್ಯ ಕಡೆಗಾಲದಲ್ಲಿ ನಮ್ಮ ಗಣಿಯೂರು ಕೋರಮಂಡಲ್‌ನ ಸಮುದಾಯ ಭವನಕ್ಕೆ ಹೋಗಿ ಮಾತಾಡತೊಡಗಿದರು. ಅಲ್ಲಿ ಐಟಿಐ ಮೇಷ್ಟ್ರು ನಾಗೇಶ್ ಭವನದ್ದೇ ಹಳೆಯ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದರು. ಗಣಿಯಲ್ಲಿ ದುಡಿದವರು ತಮ್ಮ ನೆನಪುಗಳನ್ನು ಹೇಳಿ ರೆಕಾರ್ಡ್ ಮಾಡಿಡಬಹುದು. ಯಾವುದು ಊರಿಗೆಲ್ಲ, ಯಾವುದು ಗುಟ್ಟಿನದು ಎಂಬುದು ಅವರವರ ಇಷ್ಟ. ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ಅಷ್ಟೇ.

ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಮಾವ ಅತ್ತೆಯ ಕೈ ಹಿಡಿದು, "ನಿಂಗೆ ಅಂತ ಒಂದಷ್ಟು ಮಾತು ಮಡಗಿವ್ನಿ. ಪಾಸ್‌ವರ್ಡು ನಿನ್ನೆಸ್ರೇ," ಎಂದರು. ಮರುದಿನ ತೀರಿಕೊಂಡರು.

ಅತ್ತೆಗೆ ಇಂಗ್ಲಿಷ್ ಬಾರದು. ಅವರ ಹೆಸರನ್ನು ಫೋನಿನಲ್ಲಿ ಒತ್ತುವುದನ್ನು ನಾನೇ ಹೇಳಿಕೊಟ್ಟೆ. ನಾನು ಬಂಗಾರಪೇಟೆಯಲ್ಲಿ ಶಾಲಾ ಶಿಕ್ಷಕಿ. ಅಷ್ಟು ಆಸೆಯಿಂದ ಅಕ್ಷರ ಕಲಿತವರನ್ನು ನಾನು ಕಂಡಿಲ್ಲ. ಮೊದಲ ಸಲ ತೆರೆದಾಗ ಇಬ್ಬರೂ ಅಡುಗೆಮನೆಯಲ್ಲಿ ಕೂತು ಕೇಳಿದೆವು. ಗಣಿಯೊಳಗೆ ಬಂಡೆ ಸಿಡಿದ ದಿನದ ಸುದ್ದಿ. ಮಾವ ಜೀವ ಉಳಿಸಿಕೊಂಡು ಮೇಲೆ ಬಂದಾಗ ಗೇಟಿನ ಹೊರಗೆ ಹೆಂಗಸರ ಗುಂಪು, ಅದರಲ್ಲಿ ಅತ್ತೆ.

"ನಿನ್ನ ನೋಡ್ದೆ. ಮಾತಾಡುದ್ರೆ ಅತ್ಬಿಡ್ತೀನಿ ಅಂತ ಸುಮ್ನೆ ಸೈಕಲ್ ತಳ್ಕೊಂಡು ಒಂಟ್ಬಿಟ್ಟೆ. ನೀನು ಇಂದಿಂದೇನೇ ಬಂದೆ. ಅವತ್ತಿಂದ ನಿಂಗೆ ಇದ್ನ ಏಳ್ಬೇಕು ಅಂತಾನೇ ಇದ್ದೆ," ಎನ್ನುತ್ತದೆ ಆ ಧ್ವನಿ.

ಅತ್ತೆ, "ನನ್ಮೇಲೆ ಸಿಟ್ಟು ಅಂದ್ಕೊಂಡಿದ್ದೆ ಕಣಮ್ಮ, ಇಷ್ಟು ವರ್ಸ," ಎಂದರು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಗಂಡನ ಜೊತೆ ಕೂರುವುದು ಅವರ ರೂಢಿಯಾಯಿತು. ಮದುವೆಯಾದಾಗಿನಿಂದ ಸಿಗದ ಮಾತು ವಿಧವೆಯಾದ ಮೇಲೆ ಸಿಕ್ಕಿತ್ತು.

ಆಗ ತಾವು ದಯಮಾಡಿಸಿದಿರಿ. ಇಂಥ ವೆಬ್‌ಸೈಟ್‌ಗಳನ್ನೆಲ್ಲ ಪರಂಪರೆಯೆಂದು ಗುರುತಿಸಿದಿರಿ, ಭವನದ ಕಂಪ್ಯೂಟರನ್ನು ಹಾರ ಹಾಕಿ ಹೊತ್ತೊಯ್ದಿರಿ. ಇನ್ನು ಹತ್ತಾರು ಪಾಸ್‌ವರ್ಡುಗಳ ಕಾಟವಿಲ್ಲ, ಎಲ್ಲ ಸೇವೆಗೂ ಒಂದೇ ಲಾಗಿನ್ ಎಂದು ಪ್ರಕಟಿಸಿದಿರಿ. ಅತ್ತೆಗೆ ಇದ್ದದ್ದೇ ಒಂದು ಪಾಸ್‌ವರ್ಡ್, ಸ್ವಾಮಿ. ಅದು ಕಾಟವೆಂದು ಅವರು ಯಾರಲ್ಲಿ ದೂರಿದ್ದರು? ಹಳೆಯ ಖಾತೆಯನ್ನು ಹೊಸದಕ್ಕೆ ಜೋಡಿಸಲು ಗಡುವು ಇಟ್ಟು, ಖಾತೆದಾರರ ಮೊಬೈಲಿಗೆ ಒಟಿಪಿ ಕಳಿಸಿದಿರಿ. ಮಾವನ ನಂಬರು ಅಷ್ಟರಲ್ಲಿ ಬೇರೆ ಯಾರಿಗೋ ಹೋಗಿತ್ತು. ಒಟಿಪಿಯೂ ಹೋಯಿತು, ಗಡುವಿನ ಎಚ್ಚರಿಕೆಯೂ ಹೋಯಿತು, ಆ ಅಪರಿಚಿತರ ಫೋನಿಗೆ.

ಅತ್ತೆಯ ಪಾಸ್‌ವರ್ಡಿಗೆ ಖಾತೆ ತೆರೆಯದಾದಾಗ ನಾನು ರಜೆ ಹಾಕಿ, ಮರಣ ಪ್ರಮಾಣಪತ್ರ ಹಿಡಿದು ನಿಮ್ಮ ಕಚೇರಿಗೆ ಬಂದೆ. ಕೌಂಟರಿನಲ್ಲಿದ್ದವರು ಅದನ್ನು ಪೂರ್ತಿ ಓದಿದರು. ಓದಿಯೂ, "ನಿಯಮದ ಪ್ರಕಾರ ಖಾತೆದಾರರೇ ಖುದ್ದಾಗಿ ಬರಬೇಕು ಮೇಡಂ," ಎಂದರು. ತೀರಿಕೊಂಡಿದ್ದಾರೆ ಎಂದೆ. "ಹಾಗಾದರೆ ಖಾತೆ ಜೋಡಿಸಲಾಗುವುದಿಲ್ಲ," ಎಂದರು. ಮುಖದಲ್ಲಿ ಕೆಟ್ಟತನವಿರಲಿಲ್ಲ, ಪರದೆಯ ಮೇಲೆ ಒತ್ತಲು ಬೇರೆ ಗುಂಡಿ ಇರಲಿಲ್ಲ, ಅಷ್ಟೇ. ಗಂಡ ಸತ್ತ ಹೆಂಗಸರು ತುಂಬಿರುವ ಊರಿಗೆ ವ್ಯವಸ್ಥೆ ಕಟ್ಟುವಾಗ, ಮನುಷ್ಯರು ಸಾಯುತ್ತಾರೆ ಎಂಬುದು ನಿಮ್ಮ ಯಾವ ಸಭೆಯಲ್ಲೂ ಚರ್ಚೆಗೆ ಬರಲಿಲ್ಲವೇ?

ಮನವಿ ಕೊಟ್ಟೆ. ಉತ್ತರ ಬರುವ ಮೊದಲೇ, ಜೋಡಣೆಯಾಗದ ಖಾತೆಗಳನ್ನು ಅವುಗಳಲ್ಲಿದ್ದ ಗುಟ್ಟಿನ ಧ್ವನಿಗಳ ಸಮೇತ ತೆಗೆದುಹಾಕಲಾಗಿದೆ ಎಂದು ನಾಗೇಶ್ ಮೇಷ್ಟ್ರಿಗೆ ತಿಳಿಯಿತು. ನಮ್ಮ ಮನೆಗೇ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. "ನನ್ನತ್ರ ಒಂದು ಕಾಪಿನೂ ಇಲ್ಲಮ್ಮ. ಖಾಸಗಿ ಮಾಹಿತಿ, ಇಟ್ಕೊಳ್ಳೋ ಆಗಿಲ್ಲ ಅಂತ ಬರೆಸ್ಕೊಂಡ್ರು," ಎಂದರು. ನಾವೇಕೆ ಪ್ರತಿ ತೆಗೆದಿಡಲಿಲ್ಲ ಎಂದು ನೀವು ಕೇಳಬಹುದು. ಇದ್ದ ಮನೆಯ ಬೀಗವನ್ನು ಒಳಗಿರುವವರಿಗೆ ಹೇಳದೆ ಯಾರೋ ಬದಲಿಸುತ್ತಾರೆಂದು ನಮಗೆ ಹೊಳೆಯಲಿಲ್ಲ, ಕ್ಷಮಿಸಿ.

ಹೋದದ್ದನ್ನು ಮರಳಿ ಕೊಡಿ ಎಂದು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಉಳಿದ ವೆಬ್‌ಸೈಟ್‌ಗಳಿಗೆ ಇದೇ ವ್ಯವಸ್ಥೆ ಬರುತ್ತಿದೆಯಂತೆ. ಅಲ್ಲಿ ಅಳಿಸುವುದನ್ನು ಇಂದೇ ನಿಲ್ಲಿಸಿ. ಜೋಡಣೆಯಾಗದ ಪ್ರತಿ ಖಾತೆಯ ಮನೆಗೆ ಒಬ್ಬ ಮನುಷ್ಯನನ್ನು ಕಳಿಸಿ, ಕೇಳಿ, ಆಮೇಲೆ ಮುಂದುವರಿಯಿರಿ.

ಮತ್ತೂ ಒಂದಿದೆ. ಅತ್ತೆಗೆ ನಾನಿನ್ನೂ ಹೇಳಿಲ್ಲ. ಆಫೀಸಿನವರು ಸರಿಮಾಡುತ್ತಿದ್ದಾರೆ ಎಂದಿದ್ದೇನೆ. "ಪಾಪ, ಅವ್ರಿಗೂ ಎಷ್ಟು ಕೆಲ್ಸಾನೋ," ಎಂದು ನಿಮ್ಮ ಮೇಲೇ ಮರುಕಪಡುತ್ತಾರೆ. ಕೋರಮಂಡಲ್‌ಗೆ ಬನ್ನಿ. ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ. ಕುಡಿದು, ಅವರ ಮುಖ ನೋಡಿ, ಏನಾಯಿತೆಂದು ನೀವೇ ಹೇಳಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ದಿನವೂ ಅತ್ತೆಗೆ ಸುಳ್ಳು ಹೇಳುತ್ತಿರುವ ಸೊಸೆ,
ವನಿತಾ